ಹುಟ್ಟಿದ ಊರಿನ ಲೆಕ್ಕ: ಅಮೆರಿಕದ ಗ್ರೀನ್ ಕಾರ್ಡ್ ಸಾಲಿನ ಹಿಂದಿನ ನೂರು ವರ್ಷ

ಪ್ರಶ್ನೆ: ನಾನು ಉಡುಪಿಯವನು, ನಿವೃತ್ತ ಬ್ಯಾಂಕ್ ನೌಕರ. ಮಗ 2012ರಲ್ಲಿ ಎಚ್-1ಬಿ ಎಂಬ ತಾತ್ಕಾಲಿಕ ಉದ್ಯೋಗ ವೀಸಾದಲ್ಲಿ ಅಮೆರಿಕಕ್ಕೆ ಹೋದ. 2016ರಲ್ಲಿ ಅವನ ಕಂಪನಿಯವರು ಗ್ರೀನ್ ಕಾರ್ಡಿಗೆಂದು, ಎಂದರೆ ಅಲ್ಲಿ ಕಾಯಂ ಆಗಿ ನೆಲೆಸುವ ಅನುಮತಿಗೆಂದು, ಹಾಕಿದ ಅರ್ಜಿ ಮಂಜೂರಾಗಿದ್ದರೂ ಕಾರ್ಡ್ ಇನ್ನೂ ಕೈಗೆ ಬಂದಿಲ್ಲ. ಅದೇ ಕಂಪನಿಯ ಪೋಲೆಂಡ್ ದೇಶದ ಸಹೋದ್ಯೋಗಿಗೆ ಎರಡೇ ವರ್ಷದಲ್ಲಿ ಸಿಕ್ಕಿತಂತೆ. ಸೊಸೆ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದರಿಂದ ಮೊಮ್ಮಗ ಮಣಿಪಾಲದಲ್ಲಿ ಹುಟ್ಟಿದ, ಅವನಿಗೀಗ ಹದಿಮೂರು. ಮೊಮ್ಮಗಳು ನ್ಯೂಜೆರ್ಸಿಯಲ್ಲಿ ಹುಟ್ಟಿದವಳು. ಹುಟ್ಟಿದ ದೇಶವನ್ನು ನೋಡಿ ಸಾಲಿನಲ್ಲಿ ನಿಲ್ಲಿಸುವ ಈ ನಿಯಮ ಎಲ್ಲಿಂದ ಬಂತು? ಸೊಸೆ ಹುಟ್ಟಿದ್ದು ಕುವೈತಿನಲ್ಲಿ. ಅದರಿಂದ ಏನೋ ಅನುಕೂಲವಿದೆ ಎಂದು ಪರಿಚಿತರು ಹೇಳುತ್ತಾರೆ. ನಿಜವೇ?

ಉತ್ತರ: ತಮ್ಮ ಪತ್ರದಲ್ಲಿ ಒಂದೇ ಮನೆಯ ನಾಲ್ಕು ಜನರಿದ್ದಾರೆ, ಅವರ ಹುಟ್ಟೂರುಗಳೂ ನಾಲ್ಕಿವೆ. ಅಮೆರಿಕದ ವಲಸೆ ಕಾನೂನು ಈ ನಾಲ್ವರನ್ನೂ ಬೇರೆ ಬೇರೆಯಾಗಿ ಎಣಿಸುತ್ತದೆ. ತಮ್ಮ ಮಗನ ವಿದ್ಯೆ, ಅನುಭವ ಯಾವುದರಲ್ಲೂ ಕೊರತೆಯಿಲ್ಲ ಎಂಬುದನ್ನು ಅರ್ಜಿಯ ಮಂಜೂರಾತಿಯೇ ಹೇಳುತ್ತಿದೆ. ಅವರನ್ನು ತಡೆದು ನಿಲ್ಲಿಸಿರುವುದು ಜನನ ಪ್ರಮಾಣಪತ್ರದ ಒಂದು ಸಾಲು ಮಾತ್ರ. ಆ ಸಾಲಿಗೆ ಇಷ್ಟು ತೂಕ ಬಂದದ್ದು ಹೇಗೆ ಎಂಬುದನ್ನು ತಿಳಿಯದೆ ಸೊಸೆಯ ಕುವೈತ್ ಜನನ ಏಕೆ ಮುಖ್ಯ ಎಂಬುದು ಅರ್ಥವಾಗದು. ಆದ್ದರಿಂದ ಮೊದಲು ಇತಿಹಾಸವನ್ನು ಹೇಳಿ, ಕೊನೆಯಲ್ಲಿ ತಮ್ಮ ಎರಡನೆಯ ಪ್ರಶ್ನೆಗೆ ಬರುತ್ತೇನೆ.

ಅಮೆರಿಕ ಸ್ವತಂತ್ರವಾದ ಮೊದಲ ನೂರು ವರ್ಷಗಳ ಕಾಲ ಒಳಗೆ ಬರುವುದಕ್ಕೆ ಕೇಂದ್ರ ಸರ್ಕಾರದ ಅಡ್ಡಿ ಹೆಚ್ಚುಕಡಿಮೆ ಇರಲೇ ಇಲ್ಲ, ಅಡ್ಡಿಯಿದ್ದದ್ದು ಪೌರರಾಗುವುದಕ್ಕೆ. 1790ರ ಪೌರತ್ವ ಕಾಯ್ದೆಯು ಹೊರಗಿನಿಂದ ಬಂದವರಲ್ಲಿ 'ಸ್ವತಂತ್ರ ಬಿಳಿಯ ವ್ಯಕ್ತಿ'ಗಳಿಗೆ ಮಾತ್ರ ಪೌರತ್ವ ಪಡೆಯುವ ಹಕ್ಕನ್ನು ಕೊಟ್ಟಿತು. ಅಂತರ್ಯುದ್ಧದ ನಂತರ, 1870ರಲ್ಲಿ, ಆಫ್ರಿಕಾ ಮೂಲದವರನ್ನು ಅದಕ್ಕೆ ಸೇರಿಸಲಾಯಿತು. ಏಷ್ಯಾದವರು ಎರಡೂ ಪಟ್ಟಿಗಳ ಹೊರಗೇ ಉಳಿದರು. ಗಣಿಗಳಿಗೂ ರೈಲುಹಳಿ ಹಾಕುವುದಕ್ಕೂ ಚೀನೀ ಕೂಲಿಗಳು ಬೇಕಾಗಿದ್ದಷ್ಟು ಕಾಲ ಅವರನ್ನು ಸಹಿಸಿಕೊಂಡ ಪಶ್ಚಿಮ ಕರಾವಳಿಯು ಕೆಲಸ ಮುಗಿಯುತ್ತಿದ್ದಂತೆ ಅವರ ವಿರುದ್ಧ ತಿರುಗಿತು. 1882ರಲ್ಲಿ ಬಂದ ಚೀನೀ ನಿಷೇಧ ಕಾಯ್ದೆಯು ಒಂದು ಇಡೀ ದೇಶದ ಕೂಲಿಕಾರರನ್ನು ಹೆಸರಿಸಿ ಹೊರಗಿಟ್ಟಿತು. ಹತ್ತು ವರ್ಷಕ್ಕೆಂದು ಬಂದ ಆ ಕಾಯ್ದೆ ರದ್ದಾದದ್ದು 1943ರಲ್ಲಿ.

ಆ ಕಾಲದ ಒಂದು ಪ್ರಕರಣವನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಲೇಬೇಕು, ಏಕೆಂದರೆ ರಜೆಗೆಂದು ಊರಿಗೆ ಬಂದು ವೀಸಾ ಮುದ್ರೆಗಾಗಿ ಆತಂಕದಿಂದ ಕಾಯುವ ಪ್ರತಿಯೊಬ್ಬರ ತಲೆಯ ಮೇಲೂ ಅದರ ನೆರಳಿದೆ. ಚೇ ಚಾನ್ ಪಿಂಗ್ ಎಂಬ ಚೀನೀ ಕಾರ್ಮಿಕ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹನ್ನೆರಡು ವರ್ಷ ದುಡಿದವನು. 1887ರಲ್ಲಿ ತಾಯ್ನಾಡಿಗೆ ಹೊರಟಾಗ, ಮರಳಿ ಬರಬಹುದು ಎಂಬ ಸರ್ಕಾರಿ ಪ್ರಮಾಣಪತ್ರವನ್ನು ಕ್ರಮಬದ್ಧವಾಗಿ ಪಡೆದುಕೊಂಡೇ ಹೋಗಿದ್ದ. 1888ರ ಸೆಪ್ಟೆಂಬರಿನಲ್ಲಿ ಹಾಂಗ್‌ಕಾಂಗ್‌ನಿಂದ 'ಬೆಲ್ಜಿಕ್' ಎಂಬ ಹಡಗು ಹತ್ತಿದ. ಅವನು ನಡುಗಡಲಿನಲ್ಲಿದ್ದಾಗ, ಅಕ್ಟೋಬರ್ 1ರಂದು, ಅಂಥ ಎಲ್ಲ ಪ್ರಮಾಣಪತ್ರಗಳನ್ನೂ ರದ್ದುಗೊಳಿಸುವ ಹೊಸ ಕಾಯ್ದೆಗೆ ಅಧ್ಯಕ್ಷರ ಅಂಕಿತ ಬಿತ್ತು. ಒಂದು ವಾರದ ನಂತರ ಬಂದರು ಮುಟ್ಟಿದವನನ್ನು ಇಳಿಯಲು ಬಿಡಲಿಲ್ಲ. 1889ರಲ್ಲಿ ಸುಪ್ರೀಂ ಕೋರ್ಟ್ ಅವನ ವಿರುದ್ಧ ತೀರ್ಪು ಕೊಟ್ಟಿತು: ಪರದೇಶದವರನ್ನು ಹೊರಗಿಡುವುದು ಸಾರ್ವಭೌಮ ರಾಷ್ಟ್ರದ ಸಹಜ ಅಧಿಕಾರ, ಅದನ್ನು ಹೇಗೆ ಚಲಾಯಿಸಬೇಕೆಂದು ನಿರ್ಧರಿಸುವುದು ಸಂಸತ್ತಿನ ಹೊಣೆ, ನ್ಯಾಯಾಲಯ ಅದರಲ್ಲಿ ಕೈಹಾಕದು ಎಂಬುದು ಅದರ ತಿರುಳು. ವಲಸೆಯ ವಿಷಯದಲ್ಲಿ ಅಮೆರಿಕದ ನ್ಯಾಯಾಲಯಗಳು ಇಂದಿಗೂ ಇಷ್ಟೊಂದು ಹಿಂಜರಿಯುವುದಕ್ಕೆ ಈ ತೀರ್ಪೇ ಬುನಾದಿ.

ಅದೇ ನ್ಯಾಯಾಲಯ ಒಂಬತ್ತು ವರ್ಷಗಳ ನಂತರ ಕೊಟ್ಟ ಇನ್ನೊಂದು ತೀರ್ಪು ತಮ್ಮ ಮೊಮ್ಮಗಳಿಗೆ ಸಂಬಂಧಿಸಿದ್ದು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಚೀನೀ ತಂದೆತಾಯಿಗೆ ಹುಟ್ಟಿದ ವಾಂಗ್ ಕಿಮ್ ಆರ್ಕ್ ಎಂಬಾತ ಚೀನಾಕ್ಕೆ ಹೋಗಿ ಬಂದಾಗ, ನೀನು ಪೌರನಲ್ಲ ಎಂದು ತಡೆಯಲಾಯಿತು. ಅಂತರ್ಯುದ್ಧದ ನಂತರ ಸಂವಿಧಾನಕ್ಕೆ ಸೇರಿದ ಹದಿನಾಲ್ಕನೆಯ ತಿದ್ದುಪಡಿಯ ಪ್ರಕಾರ ಈ ನೆಲದಲ್ಲಿ ಹುಟ್ಟಿದವನು ಪೌರನೇ, ತಂದೆತಾಯಿಗೆ ಆ ಹಕ್ಕಿಲ್ಲದಿದ್ದರೂ ಮಗುವಿಗಿದೆ ಎಂದು 1898ರಲ್ಲಿ ನ್ಯಾಯಾಲಯ ಹೇಳಿತು. 2025ರ ಜನವರಿಯಲ್ಲಿ ಹೊರಟ ಅಧ್ಯಕ್ಷೀಯ ಆದೇಶವೊಂದು ಈ ಹಕ್ಕನ್ನು ಮೊಟಕುಗೊಳಿಸಲು ಮುಂದಾಗಿ ವ್ಯಾಜ್ಯಕ್ಕೆ ಒಳಗಾಯಿತು. ಆದರೆ ಅದು ಮುಂದೆ ಹುಟ್ಟುವ ಮಕ್ಕಳನ್ನು ಕುರಿತದ್ದು. ಅದಕ್ಕೆ ಮೊದಲೇ ಹುಟ್ಟಿದ ತಮ್ಮ ಮೊಮ್ಮಗಳ ಪೌರತ್ವವನ್ನು ಮುಟ್ಟುವುದಿಲ್ಲ.

ಭಾರತೀಯರು ಗಮನಾರ್ಹ ಸಂಖ್ಯೆಯಲ್ಲಿ ಅಲ್ಲಿಗೆ ಹೋದದ್ದು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ. ಹೆಚ್ಚಿನವರು ಪಂಜಾಬಿನ ರೈತರು, ಸೈನ್ಯದಿಂದ ನಿವೃತ್ತರಾದವರು. ವಾಷಿಂಗ್ಟನ್ ರಾಜ್ಯದ ಮರದ ಮಿಲ್ಲುಗಳಲ್ಲೂ ಕ್ಯಾಲಿಫೋರ್ನಿಯಾದ ಹೊಲಗಳಲ್ಲೂ ದುಡಿಯುತ್ತಿದ್ದರು. 1907ರ ಸೆಪ್ಟೆಂಬರ್ 4ರ ರಾತ್ರಿ ಬೆಲ್ಲಿಂಗ್‌ಹ್ಯಾಮ್ ಪಟ್ಟಣದಲ್ಲಿ ಬಿಳಿಯರ ಗುಂಪು ಇವರ ಬಿಡಾರಗಳಿಗೆ ನುಗ್ಗಿ, ಹೊಡೆದು, ಊರು ಬಿಡಿಸಿತು. ಹತ್ತು ವರ್ಷಗಳ ನಂತರ, 1917ರ ಕಾಯ್ದೆಯಲ್ಲಿ, ಸಂಸತ್ತು ಅಕ್ಷಾಂಶ ರೇಖಾಂಶಗಳಿಂದ ನಕಾಶೆಯಲ್ಲಿ ಒಂದು ವಲಯವನ್ನೇ ಗುರುತಿಸಿ, ಅಲ್ಲಿ ಹುಟ್ಟಿದವರಿಗೆ ಪ್ರವೇಶವಿಲ್ಲ ಎಂದಿತು. ಭಾರತ ಪೂರ್ತಿಯಾಗಿ ಆ ವಲಯದೊಳಗಿತ್ತು. ಅಧ್ಯಕ್ಷ ವುಡ್ರೋ ವಿಲ್ಸನ್ ತಡೆದರೂ ಸಂಸತ್ತು ಅವರ ನಿರಾಕರಣೆಯನ್ನು ಮೀರಿ ಕಾಯ್ದೆಯನ್ನು ಜಾರಿಗೆ ತಂದಿತು.

ಅಷ್ಟರಲ್ಲಾಗಲೇ ಒಳಗಿದ್ದವರ ಗತಿಯೇನಾಯಿತು ಎಂಬುದಕ್ಕೆ ಭಗತ್ ಸಿಂಗ್ ಥಿಂಡ್ ಪ್ರಕರಣ ಸಾಕ್ಷಿ. ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯ ಸೇರಿ, ಸಮವಸ್ತ್ರದೊಡನೆ ಪೇಟ ಧರಿಸಿಯೇ ಸೇವೆ ಸಲ್ಲಿಸಿದ ಸಿಖ್ ತರುಣ ಅವರು. ಒಮ್ಮೆ ಸಿಕ್ಕಿದ ಪೌರತ್ವವನ್ನು ಕೆಲವೇ ದಿನಗಳಲ್ಲಿ ಕಿತ್ತುಕೊಳ್ಳಲಾಯಿತು. ಎರಡನೆಯ ಬಾರಿ ಆರೆಗಾನ್ ರಾಜ್ಯದಲ್ಲಿ ಸಿಕ್ಕಿದಾಗ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. 1922ರ ನವೆಂಬರಿನಲ್ಲಿ ಜಪಾನಿನ ಟಕಾವೊ ಒಜಾವಾ ಅವರ ಮೊಕದ್ದಮೆಯಲ್ಲಿ, ಬಿಳಿಯ ಎಂದರೆ ಕಕೇಷಿಯನ್ ಎಂದು ಅದೇ ನ್ಯಾಯಾಲಯ ಹೇಳಿತ್ತು. ಅಂದಿನ ಮಾನವಶಾಸ್ತ್ರಜ್ಞರು ಉತ್ತರ ಭಾರತೀಯರನ್ನು ಕಕೇಷಿಯನ್ನರೊಡನೆ ಸೇರಿಸುತ್ತಿದ್ದುದರಿಂದ ಥಿಂಡ್ ಅದನ್ನೇ ಮುಂದಿಟ್ಟರು. ತಾವು ಮೇಲ್ಜಾತಿಯ ಆರ್ಯರೆಂದೂ ವಾದಿಸಿದರು. ಆ ವಾದವನ್ನು ಓದುವಾಗ ಇಂದು ನೋವಾಗುತ್ತದೆ, ಆದರೆ ಕಾನೂನು ಅವರಿಗೆ ಬಿಟ್ಟಿದ್ದ ಕಂಡಿ ಅಷ್ಟೇ ಕಿರಿದಾಗಿತ್ತು. 1923ರ ಫೆಬ್ರವರಿ 19ರಂದು ನ್ಯಾಯಮೂರ್ತಿ ಜಾರ್ಜ್ ಸದರ್‌ಲ್ಯಾಂಡ್ ಬರೆದ ತೀರ್ಪು ಶಾಸ್ತ್ರವನ್ನು ಬದಿಗಿಟ್ಟು, ಸಾಮಾನ್ಯ ಜನರ ತಿಳಿವಳಿಕೆಯಲ್ಲಿ ಯಾರು ಬಿಳಿಯರೋ ಅವರೇ ಬಿಳಿಯರು ಎಂದಿತು.

ತೀರ್ಪಿನ ಬೆನ್ನಿಗೇ, ಅದಾಗಲೇ ಪೌರರಾಗಿದ್ದ ಹಲವಾರು ಭಾರತೀಯರ ಪೌರತ್ವ ರದ್ದಾಯಿತು. ಅವರಲ್ಲಿ ವೈಷ್ಣೋ ದಾಸ್ ಬಗಾಯಿ ಒಬ್ಬರು. ಹೆಂಡತಿ ಕಲಾ ಮತ್ತು ಮೂವರು ಗಂಡುಮಕ್ಕಳೊಡನೆ 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದು, ಅಂಗಡಿಯಿಟ್ಟು ನೆಲೆಯೂರಿದವರು. ಪೌರತ್ವ ಹೋಯಿತು; ಅಂಗಡಿಯನ್ನೂ ಕಳೆದುಕೊಂಡರು; ಭಾರತಕ್ಕೊಮ್ಮೆ ಹೋಗಿ ಬರಲು ಅಮೆರಿಕದ ಪಾಸ್‌ಪೋರ್ಟೂ ಸಿಗಲಿಲ್ಲ. 1928ರಲ್ಲಿ ಅವರು ತಮ್ಮ ಜೀವವನ್ನೇ ಕೊನೆಗೊಳಿಸಿಕೊಂಡರು. ಮಕ್ಕಳನ್ನು ಬೆಳೆಸಿದ ಕಲಾ ಬಗಾಯಿ ಮುಂದೆ ಕಾನೂನು ಬದಲಾದ ಮೇಲೆ ಅಮೆರಿಕದ ಪೌರರಾದರು, ಮತ್ತು ಬರ್ಕ್ಲಿ ನಗರದ ಒಂದು ಬೀದಿಗೆ ಈಗ ಅವರ ಹೆಸರಿದೆ.

ಈಗ ತಾವು ಕೇಳಿದ ನಿಯಮದ ಮೂಲಕ್ಕೆ ಬರೋಣ. 1924ರ ಕಾಯ್ದೆ ಪೌರತ್ವಕ್ಕೆ ಅನರ್ಹರಾದವರನ್ನು, ಎಂದರೆ ಏಷ್ಯಾದವರನ್ನು, ಸಾರಾಸಗಟಾಗಿ ಹೊರಗಿಟ್ಟದ್ದಲ್ಲದೆ ಯುರೋಪಿನವರಿಗೂ ದೇಶವಾರು ಕೋಟಾ ಕಟ್ಟಿತು. ಅದರ ಸೂತ್ರ ಹೀಗಿತ್ತು: 1890ರ ಜನಗಣತಿಯಲ್ಲಿ ಒಂದೊಂದು ದೇಶದಲ್ಲಿ ಹುಟ್ಟಿದವರು ಅಮೆರಿಕದಲ್ಲಿ ಎಷ್ಟಿದ್ದರೋ ಅದರ ಶೇ. 2ರಷ್ಟು ಜನರಿಗೆ ವರ್ಷಕ್ಕೆ ಪ್ರವೇಶ. ಕೈಯಲ್ಲಿ 1920ರ ಗಣತಿ ಇರುವಾಗ ಮೂವತ್ತು ವರ್ಷ ಹಿಂದಿನದನ್ನು ಆರಿಸಿಕೊಂಡದ್ದಕ್ಕೆ ಸ್ಪಷ್ಟ ಉದ್ದೇಶವಿತ್ತು. ಇಟಲಿಯವರು, ಪೋಲೆಂಡಿನವರು, ರಷ್ಯಾದ ಯಹೂದಿಗಳು ಹೆಚ್ಚಾಗಿ ಬಂದದ್ದು 1890ರ ನಂತರ; ಹಳೆಯ ಗಣತಿಯನ್ನು ಹಿಡಿದರೆ ಅವರ ಪಾಲು ತಾನಾಗಿಯೇ ಕುಗ್ಗುತ್ತದೆ. ಹೀಗೆ ಜರ್ಮನಿಗೆ 51,227, ಬ್ರಿಟನ್ನಿಗೆ 34,007 ಸಿಕ್ಕಿದರೆ ಇಟಲಿಗೆ 3,845, ಪೋಲೆಂಡಿಗೆ 5,982 ಸಿಕ್ಕವು. ಇಂದು ತಮ್ಮ ಮಗನಿಗಿಂತ ಮುಂದೆ ಸಾಗಿದ ಸಹೋದ್ಯೋಗಿಯ ಮುತ್ತಜ್ಜನ ಕಾಲದಲ್ಲಿ ಅವರ ದೇಶವೇ ಬಾಗಿಲ ಹೊರಗೆ ಕಾಯುತ್ತಿತ್ತು.

ಇದೇ ಕಾಯ್ದೆ ಒಂದು ಮೂಲಸೂತ್ರವನ್ನು ಬರೆದಿಟ್ಟಿತು: ಕೋಟಾ ಲೆಕ್ಕಕ್ಕೆ ಒಬ್ಬ ವ್ಯಕ್ತಿ ಯಾವ ದೇಶದವನು ಎಂಬುದನ್ನು ಅವನು ಹುಟ್ಟಿದ ಸ್ಥಳವೇ ನಿರ್ಧರಿಸುತ್ತದೆ. ಮುಂದೆ ಬೇರೆ ದೇಶದ ಪೌರನಾದರೂ ಲೆಕ್ಕ ಬದಲಾಗದು. ಈ ಕಾರಣಕ್ಕೇ ಬೆಂಗಳೂರಿನಲ್ಲಿ ಹುಟ್ಟಿ ಕೆನಡಾದ ಪೌರರಾದವರೂ ಇಂದು ಭಾರತದ ಸಾಲಿನಲ್ಲೇ ನಿಲ್ಲಬೇಕಾಗಿದೆ. ಜೊತೆಗೆ ಒಂದು ಸಣ್ಣ ವಿನಾಯಿತಿಯನ್ನೂ ಆ ಕಾಯ್ದೆ ಕೊಟ್ಟಿತ್ತು: ಗಂಡನ ಜೊತೆಯಲ್ಲಿ ಬರುವ ಹೆಂಡತಿಯ ದೇಶದ ಪಾಲು ಆ ತಿಂಗಳಿಗೆ ಮುಗಿದಿದ್ದರೆ ಅವಳನ್ನು ಗಂಡ ಹುಟ್ಟಿದ ದೇಶದ ಲೆಕ್ಕಕ್ಕೆ ಹಾಕಬಹುದು. ಗಂಡಹೆಂಡಿರು ಅಗಲಬಾರದು ಎಂಬುದು ಅದರ ಆಶಯ. ಈ ವಿನಾಯಿತಿಯನ್ನು ದಯವಿಟ್ಟು ನೆನಪಿನಲ್ಲಿಡಿ.

1924ರ ಮಸೂದೆಯನ್ನು ಸದನದಲ್ಲಿ ವಿರೋಧಿಸಿದವರಲ್ಲಿ ಬ್ರೂಕ್ಲಿನ್‌ನಿಂದ ಆಗಷ್ಟೇ ಆರಿಸಿ ಬಂದಿದ್ದ ಇಮ್ಯಾನುಯೆಲ್ ಸೆಲ್ಲರ್ ಇದ್ದರು. ಅಂದು ಸೋತವರು ಸುಮ್ಮನೆ ಕೂರಲಿಲ್ಲ. 1946ರಲ್ಲಿ ಕ್ಲೇರ್ ಬೂತ್ ಲೂಸ್ ಮತ್ತು ಸೆಲ್ಲರ್ ಅವರ ಹೆಸರಿನ ಕಾಯ್ದೆಗೆ ಅಧ್ಯಕ್ಷ ಟ್ರೂಮನ್ ಜುಲೈ 2ರಂದು ಸಹಿ ಹಾಕಿದರು. ಭಾರತೀಯರಿಗೆ ಪೌರರಾಗುವ ಹಕ್ಕು ಮತ್ತು ವರ್ಷಕ್ಕೆ 100 ಜನರ ಕೋಟಾ ಸಿಕ್ಕಿದ್ದು ಆಗ. ಇದರ ಹಿಂದೆ ಇಂಡಿಯಾ ಲೀಗ್ ಆಫ್ ಅಮೆರಿಕದ ಜೆ. ಜೆ. ಸಿಂಗ್ ಅವರ ಹಲವು ವರ್ಷಗಳ ಓಡಾಟವಿತ್ತು. ನೂರು ಎಂಬುದು ಇಡೀ ಉಪಖಂಡಕ್ಕೆ ಏನೂ ಅಲ್ಲ, ನಿಜ. ಆದರೆ ಆ ಬಾಗಿಲು ತೆರೆದದ್ದರಿಂದಲೇ ದಲೀಪ್ ಸಿಂಗ್ ಸೌಂದ್ 1949ರಲ್ಲಿ ಪೌರರಾಗಿ, 1956ರಲ್ಲಿ ಕ್ಯಾಲಿಫೋರ್ನಿಯಾದಿಂದ ಸಂಸತ್ತಿಗೆ ಆರಿಸಿ ಬಂದರು. ನಮ್ಮ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ ಅವರು 2023ರಿಂದ ಮಿಷಿಗನ್ ರಾಜ್ಯವನ್ನು ಪ್ರತಿನಿಧಿಸುತ್ತಿರುವುದು ಅದೇ ಸದನದಲ್ಲಿ.

1952ರ ಕಾಯ್ದೆ ಪೌರತ್ವಕ್ಕಿದ್ದ ಬಣ್ಣದ ಅಡ್ಡಿಯನ್ನು ಪೂರ್ತಿ ತೆಗೆದರೂ ಕೋಟಾಗಳನ್ನು ಉಳಿಸಿಕೊಂಡಿತು, ಮತ್ತು ಏಷ್ಯಾದವರಿಗೆ ಮಾತ್ರ ಬೇರೆಯೇ ಅಳತೆಗೋಲು ಹಿಡಿಯಿತು. ಇಂಗ್ಲೆಂಡಿನಲ್ಲಿ ಹುಟ್ಟಿದ ಬಿಳಿಯ ಇಂಗ್ಲೆಂಡಿನ ಲೆಕ್ಕಕ್ಕೆ. ಆದರೆ ಲಂಡನ್ನಿನಲ್ಲೇ ಹುಟ್ಟಿದ ಭಾರತೀಯ ದಂಪತಿಯ ಮಗುವನ್ನು ರಕ್ತಮೂಲ ನೋಡಿ ಏಷ್ಯಾದ ಪುಟ್ಟ ಕೋಟಾಕ್ಕೆ ಸೇರಿಸುವುದು ಅದರ ಕ್ರಮ. ಆ ನಿಯಮ ಇಂದೂ ಇದ್ದಿದ್ದರೆ ತಮ್ಮ ಸೊಸೆ ಎಲ್ಲಿ ಹುಟ್ಟಿದ್ದರೂ ಭಾರತದ ಲೆಕ್ಕದಿಂದ ಹೊರಬರುವಂತಿರಲಿಲ್ಲ.

ಅದನ್ನು ಕಿತ್ತುಹಾಕಿದ್ದು 1965ರ ಕಾಯ್ದೆ. ಅಧ್ಯಕ್ಷ ಲಿಂಡನ್ ಜಾನ್ಸನ್ ಅಕ್ಟೋಬರ್ 3ರಂದು ಸ್ವಾತಂತ್ರ್ಯ ದೇವಿಯ ಪ್ರತಿಮೆಯ ಬುಡದಲ್ಲಿ ಕುಳಿತು ಅದಕ್ಕೆ ಸಹಿ ಹಾಕಿದರು. ಅದನ್ನು ಕೆಳಮನೆಯಲ್ಲಿ ಮಂಡಿಸಿದವರು ನಲವತ್ತೊಂದು ವರ್ಷ ಹಿಂದೆ ಸೋತಿದ್ದ ಅದೇ ಸೆಲ್ಲರ್. ಪೂರ್ವ ಗೋಳಾರ್ಧಕ್ಕೆ ಒಟ್ಟು 1,70,000 ವೀಸಾ, ಯಾವ ದೇಶಕ್ಕೂ 20,000ಕ್ಕಿಂತ ಹೆಚ್ಚಿಲ್ಲ ಎಂಬುದು ಅದರ ಹಂಚಿಕೆ. 1924ರ ನಂತರ ಪರಿಷ್ಕೃತವಾದ ಕೋಟಾದಲ್ಲಿ ಬ್ರಿಟನ್ನಿಗೆ 65,000ಕ್ಕೂ ಹೆಚ್ಚು, ಭಾರತಕ್ಕೆ 100 ಎಂಬ ಲೆಕ್ಕವನ್ನು ಕಂಡಿದ್ದವರಿಗೆ ಎಲ್ಲರಿಗೂ 20,000 ಎಂಬುದು ಎಂಥ ದೊಡ್ಡ ನ್ಯಾಯವಾಗಿ ತೋರಿರಬೇಕು ಎಂಬುದನ್ನು ಊಹಿಸಿಕೊಳ್ಳಿ. ಇಂದು ತಮ್ಮ ಮಗನನ್ನು ತಡೆದಿರುವ ದೇಶವಾರು ಮಿತಿ ಹುಟ್ಟಿದ್ದು ಹೀಗೆ, ಸಮಾನತೆಯ ಹೆಸರಿನಲ್ಲಿ, ಒಳ್ಳೆಯ ಮನಸ್ಸಿನಿಂದ. ಇದರಿಂದ ಏಷ್ಯಾದವರು ಹೆಚ್ಚಾಗಿ ಬರುತ್ತಾರೆಂದು ಅಂದು ಬಹುಮಂದಿ ನಿರೀಕ್ಷಿಸಿರಲಿಲ್ಲ. ನಾಲ್ಕರಲ್ಲಿ ಮೂರು ಪಾಲಿನಷ್ಟು ವೀಸಾಗಳನ್ನು ಕುಟುಂಬ ಸಂಬಂಧಕ್ಕೆ ಮೀಸಲಿಟ್ಟರೆ ಆಗಲೇ ಅಲ್ಲಿದ್ದ ಯುರೋಪಿಯನ್ನರ ನೆಂಟರೇ ಬರುತ್ತಾರೆ ಎಂಬುದು ಕೆಲವು ಸಂಸದರ ಎಣಿಕೆಯಾಗಿತ್ತು. ಆದರೆ ಯುರೋಪು ಆಗ ಶ್ರೀಮಂತವಾಗುತ್ತಿತ್ತು. ಅದೇ ವರ್ಷ ಮೆಡಿಕೇರ್ ಎಂಬ, ವೃದ್ಧರ ಸರ್ಕಾರಿ ಆರೋಗ್ಯ ವಿಮೆಯ ಆರಂಭಕ್ಕೆ ಕಾನೂನಾಗಿ ಅಮೆರಿಕಕ್ಕೆ ವೈದ್ಯರ ಅಗತ್ಯ ಹೆಚ್ಚಿತು. ಮೈಸೂರು, ಹುಬ್ಬಳ್ಳಿ, ಮಣಿಪಾಲಗಳಲ್ಲಿ ಓದಿದ ವೈದ್ಯರು, ಬೆಂಗಳೂರಿನ ಎಂಜಿನಿಯರುಗಳು ಎಪ್ಪತ್ತರ ದಶಕದಲ್ಲಿ ಹೋಗಿ ನೆಲೆಸಿದ್ದು ಈ ಕಾಯ್ದೆ ತೆರೆದ ದಾರಿಯಲ್ಲಿ.

ಈಗಿನ ಅಂಕಿಗಳು 1990ರ ಕಾಯ್ದೆಯವು. ಉದ್ಯೋಗದ ಆಧಾರದ ಗ್ರೀನ್ ಕಾರ್ಡ್ ವರ್ಷಕ್ಕೆ 1,40,000. ಇದರಲ್ಲಿ ಹೆಂಡತಿ ಮಕ್ಕಳೂ ಸೇರುತ್ತಾರೆ. ಯಾವ ಒಂದು ದೇಶಕ್ಕೂ ಶೇ. 7ಕ್ಕಿಂತ ಹೆಚ್ಚಿಲ್ಲ, ಎಂದರೆ 9,800. ತಮ್ಮ ಮಗನ ವಿದ್ಯಾರ್ಹತೆಯವರು ಸಾಮಾನ್ಯವಾಗಿ ಬರುವ ಎರಡನೆಯ ವರ್ಗಕ್ಕೆ ಮೀಸಲಾದದ್ದು 40,040, ಅದರ ಶೇ. 7 ಎಂದರೆ ಸುಮಾರು 2,800. ಬೇರೆ ದೇಶದವರು ಬಳಸದೆ ಉಳಿದದ್ದು ಭಾರತದ ಹಳೆಯ ಅರ್ಜಿಗಳಿಗೆ ಹರಿದು ಬರುತ್ತದೆಯಾದರೂ ಅದನ್ನು ನಂಬಿ ಕೂರುವಂತಿಲ್ಲ. ಇನ್ನೊಂದು ಕಡೆ, ಅದೇ ಕಾಯ್ದೆ ರೂಪಿಸಿದ ಎಚ್-1ಬಿ ವೀಸಾಕ್ಕೆ ಹುಟ್ಟೂರಿನ ಮಿತಿಯೇ ಇಲ್ಲ. ವರ್ಷಕ್ಕೆ 65,000, ಜೊತೆಗೆ ಅಮೆರಿಕದಲ್ಲಿ ಸ್ನಾತಕೋತ್ತರ ಪದವಿ ಪಡೆದವರಿಗೆ 20,000. ಮಂಜೂರಾಗುವ ಎಚ್-1ಬಿ ಅರ್ಜಿಗಳಲ್ಲಿ ಹತ್ತಕ್ಕೆ ಏಳರಷ್ಟು ಭಾರತೀಯರವು. ಒಳಬರುವ ಬಾಗಿಲು ದೊಡ್ಡದು, ನೆಲೆಸುವ ಬಾಗಿಲು ಕಿರಿದು. ನಡುವಿನ ಪಡಸಾಲೆಯಲ್ಲಿ ಜನ ತುಂಬಿಕೊಂಡಿದ್ದಾರೆ. 2000ದ ತಿದ್ದುಪಡಿಯ ಪ್ರಕಾರ, ಗ್ರೀನ್ ಕಾರ್ಡ್ ಅರ್ಜಿ ಮಂಜೂರಾಗಿ ಸರದಿ ಬಾರದವರು ಆರು ವರ್ಷದ ಗಡುವು ಮೀರಿಯೂ ಎಚ್-1ಬಿಯನ್ನು ನವೀಕರಿಸುತ್ತಾ ಹೋಗಬಹುದು. ತಮ್ಮ ಮಗ ಇಷ್ಟು ವರ್ಷ ಅಲ್ಲಿರಲು ಸಾಧ್ಯವಾದದ್ದು ಅದರಿಂದಲೇ.

ಈ ಸಾಲು ಹೇಗೆ ಕಾಣುತ್ತದೆ ಎಂಬುದನ್ನು ತಾವೇ ನೋಡಬಹುದು. ಅಮೆರಿಕದ ವಿದೇಶಾಂಗ ಇಲಾಖೆ ಪ್ರತಿ ತಿಂಗಳೂ 'ವೀಸಾ ಬುಲೆಟಿನ್' ಎಂಬ ಪ್ರಕಟಣೆ ಹೊರಡಿಸುತ್ತದೆ. ಅದರ ಕೋಷ್ಟಕದಲ್ಲಿ ಮೇಲಿಂದ ಕೆಳಕ್ಕೆ ವರ್ಗಗಳು, ಎಡದಿಂದ ಬಲಕ್ಕೆ ಹುಟ್ಟಿದ ದೇಶಗಳು. ಪ್ರತ್ಯೇಕವಾಗಿ ಹೆಸರಿಸಿರುವುದು ಚೀನಾ, ಭಾರತ, ಮೆಕ್ಸಿಕೋ, ಫಿಲಿಪೀನ್ಸ್ ಎಂಬ ನಾಲ್ಕನ್ನು ಮಾತ್ರ. ಉಳಿದ ಜಗತ್ತೆಲ್ಲ ಮೊದಲ ಒಂದೇ ಅಂಕಣದಲ್ಲಿ ಅಡಗಿದೆ. ಕೋಷ್ಟಕದ ಚೌಕದಲ್ಲಿ 'ಸಿ' ಅಕ್ಷರವಿದ್ದರೆ ಕಾಯುವ ಸಾಲೇ ಇಲ್ಲ ಎಂದರ್ಥ. ದಿನಾಂಕವಿದ್ದರೆ ಅದಕ್ಕಿಂತ ಮೊದಲು ಅರ್ಜಿ ಹಾಕಿದವರ ಸರದಿ ಬಂದಿದೆ ಎಂದರ್ಥ. ಭಾರತದ ಅಂಕಣದಲ್ಲಿ ಎರಡನೆಯ ವರ್ಗದ ದಿನಾಂಕ ಬಹುಕಾಲದಿಂದ ಹತ್ತು ವರ್ಷಕ್ಕೂ ಹಿಂದಿನದಾಗಿದೆ. ಅದು ಯಾವಾಗಲೂ ಮುಂದಕ್ಕೇ ಸಾಗುತ್ತದೆ ಎಂದೂ ಇಲ್ಲ. ಅರ್ಜಿಗಳು ಹೆಚ್ಚಾದ ವರ್ಷ ಹಿಂದಕ್ಕೂ ಸರಿಯುತ್ತದೆ.

ಇದನ್ನು ಸರಿಪಡಿಸುವ ಯತ್ನ ನಡೆದೇ ಇಲ್ಲವೆಂದಲ್ಲ. ಉದ್ಯೋಗದ ವರ್ಗಗಳಿಂದ ದೇಶವಾರು ಮಿತಿಯನ್ನು ತೆಗೆಯುವ ಮಸೂದೆ 2019ರ ಜುಲೈನಲ್ಲಿ ಕೆಳಮನೆಯಲ್ಲಿ 365 ಮತಗಳಿಂದ ಅಂಗೀಕಾರವಾಯಿತು, ವಿರುದ್ಧ ಬಿದ್ದದ್ದು 65 ಮಾತ್ರ. 2020ರ ಡಿಸೆಂಬರಿನಲ್ಲಿ ಸೆನೆಟ್ ಅದರ ಬೇರೊಂದು ರೂಪವನ್ನು ಅಂಗೀಕರಿಸಿತು. ಎರಡನ್ನೂ ಹೊಂದಿಸುವ ಮೊದಲೇ ಸಂಸತ್ತಿನ ಅವಧಿ ಮುಗಿದು ಎಲ್ಲವೂ ಬಿದ್ದುಹೋಯಿತು. ಮಿತಿ ತೆಗೆದರೆ ಕೆಲವು ವರ್ಷ ಹೆಚ್ಚುಕಡಿಮೆ ಎಲ್ಲ ಕಾರ್ಡುಗಳೂ ಭಾರತೀಯರಿಗೇ ಹೋಗಿ, ಸಣ್ಣ ದೇಶಗಳವರು ಕಾಯಬೇಕಾಗುತ್ತದೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ಒಟ್ಟು ಸಂಖ್ಯೆಯನ್ನು ಹೆಚ್ಚಿಸದೆ ಹಂಚಿಕೆಯನ್ನಷ್ಟೇ ಬದಲಿಸಿದರೆ ಸಾಲು ಒಬ್ಬರ ಹೆಗಲಿನಿಂದ ಇನ್ನೊಬ್ಬರ ಹೆಗಲಿಗೆ ವರ್ಗವಾಗುತ್ತದೆ. ಆದರೂ ನನ್ನ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ. ಕೆಲಸಕ್ಕೆ ಆರಿಸುವಾಗ ಉದ್ಯೋಗದಾತ ನೋಡುವುದು ಅರ್ಹತೆಯನ್ನು. ಅದೇ ಕೆಲಸದ ಆಧಾರದ ಮೇಲೆ ಕೊಡುವ ಕಾರ್ಡಿಗೆ ಹುಟ್ಟೂರನ್ನು ಎಣಿಸುವುದು ಅನ್ಯಾಯ. ನೂರನಲವತ್ತು ಕೋಟಿ ಜನರ ದೇಶಕ್ಕೂ ಕೆಲವೇ ಲಕ್ಷ ಜನರ ಐಸ್‌ಲ್ಯಾಂಡಿಗೂ ಒಂದೇ ಮಿತಿ ಹಾಕುವುದನ್ನು ಸಮಾನತೆ ಎನ್ನಲು ನನಗೆ ಮನಸ್ಸು ಬಾರದು.

ಈಗ ತಮ್ಮ ಸೊಸೆಯ ವಿಷಯ. ಪರಿಚಿತರು ಹೇಳಿದ್ದು ನಿಜ. 1924ರಲ್ಲಿ ಹೆಂಡತಿಗೆ ಮಾತ್ರ ಇದ್ದ ಆ ವಿನಾಯಿತಿ 1952ರ ಕಾಯ್ದೆಯಲ್ಲಿ ಗಂಡನಿಗೂ ವಿಸ್ತರಿಸಿತು, ಇಂದಿಗೂ ಉಳಿದಿದೆ. ಗಂಡಹೆಂಡಿರಲ್ಲಿ ಯಾರ ಹುಟ್ಟಿದ ದೇಶದ ಸಾಲು ಮುಂದಿದೆಯೋ ಅದರ ಲೆಕ್ಕಕ್ಕೆ ಇಬ್ಬರನ್ನೂ ಹಾಕುವಂತೆ ಕೋರಬಹುದು. ಅರ್ಜಿ ಮಗನದಾದರೂ ಸೊಸೆಯ ಕುವೈತ್ ಜನನ ಸಾಕು. ಅವರು ಭಾರತೀಯ ಪಾಸ್‌ಪೋರ್ಟ್ ಉಳ್ಳವರು, ಕುವೈತ್ ಪೌರತ್ವ ಎಂದೂ ಇರಲಿಲ್ಲ ಎಂಬುದು ಅಡ್ಡಿಯಾಗದು, ಏಕೆಂದರೆ ಕಾನೂನು ಕೇಳುವುದು ಹುಟ್ಟಿದ ಸ್ಥಳವನ್ನು ಮಾತ್ರ. ರಕ್ತಮೂಲ ನೋಡುವ ನಿಯಮ 1965ರಲ್ಲೇ ಹೋಯಿತು. ಕೊಲ್ಲಿಯಲ್ಲಿ ದುಡಿದ ಕರಾವಳಿಯ ಎಷ್ಟೋ ಕುಟುಂಬಗಳ ಮಕ್ಕಳು ಕುವೈತ್, ಬಹರೈನ್, ದುಬೈಗಳಲ್ಲಿ ಹುಟ್ಟಿದವರಾದ್ದರಿಂದ ಈ ಮಾತು ತಮ್ಮೊಬ್ಬರಿಗೇ ಅಲ್ಲ, ನಿಮ್ಮ ಕಡೆಯ ಹಲವರಿಗೆ ಉಪಯೋಗಕ್ಕೆ ಬರುತ್ತದೆ. ಉಳಿದ ಜಗತ್ತಿನ ಅಂಕಣವೂ ಕೆಲವೊಮ್ಮೆ ಒಂದೆರಡು ವರ್ಷ ಹಿಂದೆ ಬೀಳುತ್ತದೆ, ಆದರೆ 2016ರ ಅರ್ಜಿಗೆ ಅದರಿಂದ ತೊಂದರೆಯಾಗದು.

ಮಣಿಪಾಲದಲ್ಲಿ ಹುಟ್ಟಿದ ಮೊಮ್ಮಗನನ್ನೂ ತಾಯಿಯ ದೇಶದ ಲೆಕ್ಕಕ್ಕೆ ಸೇರಿಸಬಹುದು. ಅವನ ವಿಷಯದಲ್ಲಿ ಅವಸರ ಮಾಡುವುದು ಒಳ್ಳೆಯದು: ಇಪ್ಪತ್ತೊಂದು ತುಂಬಿದ ಮೇಲೆ ಅವನು ತಂದೆಯ ಅರ್ಜಿಯಿಂದ ಹೊರಬೀಳುತ್ತಾನೆ, 2002ರ ಕಾಯ್ದೆ ಕೊಟ್ಟಿರುವ ವಯಸ್ಸಿನ ರಿಯಾಯಿತಿ ಅಷ್ಟೇನೂ ದೊಡ್ಡದಲ್ಲ. ಮೊಮ್ಮಗಳು ಪೌರಳಾದರೂ ತಂದೆತಾಯಿಗಾಗಿ ಅರ್ಜಿ ಹಾಕಲು ಅವಳಿಗೆ ಇಪ್ಪತ್ತೊಂದಾಗಬೇಕು. ಅದನ್ನು ನಂಬಿ ಕಾಯುವ ಅಗತ್ಯ ಈಗ ಕಾಣುವುದಿಲ್ಲ.

ಮಾಡಬೇಕಾದ್ದು ಇಷ್ಟು. ಸೊಸೆಯ ಕುವೈತ್ ಜನನ ಪ್ರಮಾಣಪತ್ರದ ಮೂಲಪ್ರತಿಯನ್ನು ಬೀಗರ ಮನೆಯಲ್ಲಿ ಹುಡುಕಿಸಿ. ಅದು ಅರಬ್ಬಿಯಲ್ಲಿದ್ದರೆ ಇಂಗ್ಲಿಷಿಗೆ ದೃಢೀಕೃತ ಅನುವಾದ ಬೇಕು. ಪಾಸ್‌ಪೋರ್ಟಿನಲ್ಲಿ ಹುಟ್ಟಿದ ಸ್ಥಳವೆಂದು ಕುವೈತ್ ಎಂದೇ ನಮೂದಾಗಿದೆಯೇ ಅಥವಾ ರೂಢಿಯಂತೆ ಸ್ವಂತ ಊರಿನ ಹೆಸರಿದೆಯೇ ಎಂಬುದನ್ನು ನೋಡಿ, ವ್ಯತ್ಯಾಸವಿದ್ದರೆ ಮೊದಲು ಅದನ್ನು ತಿದ್ದಿಸಬೇಕು. ಮದುವೆಯ ನೋಂದಣಿ ಪತ್ರದಲ್ಲಿ ಹೆಸರುಗಳ ಕಾಗುಣಿತ ಪಾಸ್‌ಪೋರ್ಟಿನೊಡನೆ ಹೊಂದಬೇಕು. ಇವನ್ನು ಮಗ ಅಲ್ಲಿನ ವಲಸೆ ವಕೀಲರ ಮುಂದಿಟ್ಟು, ಅಂತಿಮ ಹಂತದ ಅರ್ಜಿಯನ್ನು ಇಬ್ಬರೂ ಒಟ್ಟಿಗೇ ಸಲ್ಲಿಸಿ, ಹೆಂಡತಿ ಹುಟ್ಟಿದ ದೇಶದ ಲೆಕ್ಕಕ್ಕೆ ತನ್ನನ್ನು ಸೇರಿಸಬೇಕೆಂಬ ಕೋರಿಕೆಯನ್ನು ಮೇಲ್ಪತ್ರದಲ್ಲಿ ಸ್ಪಷ್ಟವಾಗಿ ಬರೆಯಬೇಕು.